ಸ್ವಸಂತೋಷದ ಸಹಿ



ಅಡುಗೆಯ ಪುಟ ಓದಿ ಮುಗಿಸಿ, ಒಲೆಯ ಮೇಲೆ ಬೇಳೆ ಬೇಯಲು ಇಟ್ಟು ಈ ಪುಟಕ್ಕೆ ಬಂದಿದ್ದೀರಿ ಎಂದುಕೊಳ್ಳುತ್ತೇನೆ. ಬೇಳೆ ಬೇಯುವಷ್ಟು ಹೊತ್ತು ನನ್ನ ಮಾತು ಕೇಳಿರಿ. ಮೊದಲು ಒಂದು ಪ್ರಶ್ನೆ. ಈವರೆಗೆ ನೀವು ಎಷ್ಟು ಕಾಗದಗಳಿಗೆ ಸಹಿ ಹಾಕಿದ್ದೀರಿ? ಮಕ್ಕಳ ಅಂಕಪಟ್ಟಿ, ಸಂಘದ ಪುಸ್ತಕ, ಬ್ಯಾಂಕಿನ ಅರ್ಜಿ, ರೇಷನ್ ಕಾರ್ಡಿನ ಫಾರ್ಮು ಎಲ್ಲವೂ ಸೇರಲಿ. ಅವುಗಳಲ್ಲಿ ಓದಿ ಸಹಿ ಹಾಕಿದವು ಎಷ್ಟು?

ನಗಬೇಡಿ. ಓದು ಬರಹ ಬಲ್ಲ ನಾನು, ಮೆಟ್ರಿಕ್ ಪಾಸಾದ ನಾನು, ಜೀವನದ ಬಹುದೊಡ್ಡ ಕಾಗದಕ್ಕೆ ಓದದೆಯೇ ಸಹಿ ಹಾಕಿದವಳು. ಅದಾದ ಹದಿನೈದು ವರ್ಷಕ್ಕೆ ಅಂಥದ್ದೇ ಕಾಗದಕ್ಕೆ ಇನ್ನೊಬ್ಬಳಿಂದ ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಎರಡು ಕಾಗದಗಳ ವಿಷಯ ನಿಮ್ಮ ಮುಂದೆ ಇಡುತ್ತೇನೆ.

ನನ್ನ ತವರು ಬಸವಕಲ್ಯಾಣ. ಕೊಟ್ಟ ಮನೆ ಹುಮನಾಬಾದ್. ಬಸ್ಸಿನಲ್ಲಿ ತಾಸು ಹೊತ್ತಿನ ದಾರಿ. ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಊರಿನ ಕಡೆಗೆ ಹೊರಳಿತೆಂದರೆ ಸಾಕು, ಎದೆಯೊಳಗೆ ಏನೋ ಸಡಿಲಾದಂತೆ ಆಗುತ್ತಿತ್ತು. 1992ರಲ್ಲಿ ಮದುವೆಯಾದ ಮೇಲೆ ಪ್ರತಿ ವರ್ಷ ಪಂಚಮಿಗೆ ಅಣ್ಣ ಕರೆಯಲು ಬರುತ್ತಿದ್ದ. ಅವ್ವ ಎಳ್ಳುಂಡಿ, ಶೇಂಗಾದ ಉಂಡಿ ಕಟ್ಟಿ ಡಬ್ಬಿ ತುಂಬಿಸಿ ಇಟ್ಟಿರುತ್ತಿದ್ದಳು. ಬೇವಿನ ಮರದ ಜೋಕಾಲಿ, ಜೋಳದ ಅರಳು, ಹೊತ್ತು ಮುಳುಗುವವರೆಗೆ ಗೆಳತಿಯರ ಜೊತೆ ಹರಟೆ. ಹೆಣ್ಣಿಗೆ ತವರೆಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕೇ?

2007ರಲ್ಲಿ ಅಪ್ಪ ತೀರಿಕೊಂಡರು. ಊರ ಹೊರಗೆ ಅಜ್ಜನ ಕಾಲದ ಆರು ಎಕರೆ ಹೊಲ ಇತ್ತು. ಮರುವರ್ಷ ಪಂಚಮಿಗೆ ಎಂದಿನಂತೆ ಅಣ್ಣ ಬಂದು ಕರೆದುಕೊಂಡು ಹೋದ. ಹಬ್ಬ ಮುಗಿದ ಎರಡನೆಯ ದಿನ ಬೆಳಿಗ್ಗೆ, ‘ತಂಗೀ, ಕಚೇರಿಗಿ ಹೋಗಿ ಬರಾಮು. ಹೊಲ ನನ್ನ ಹೆಸರಿಗಿ ಆಗಬೇಕು. ಒಂದು ಸಹಿ ಅದ, ಅಷ್ಟೇ’ ಎಂದ. ಅತ್ತಿಗೆ ನನಗೊಂದು ಇಳಕಲ್ ಸೀರೆ ತಂದಿಟ್ಟಿದ್ದಳು. ಅರಿಶಿನ ಕುಂಕುಮದ ಸೀರೆ. ಅದನ್ನೇ ಉಟ್ಟುಕೊಂಡು ಹೋದೆ.

ಬರೆದು ಸಿದ್ಧವಾಗಿದ್ದ ಕಾಗದ ಮುಂದೆ ಬಂತು. ‘ಒಪ್ಪಿ ಬರೆದುಕೊಡುತ್ತಿದ್ದೀರಾ ಅಮ್ಮಾ?’ ಎಂದು ಅಧಿಕಾರಿಗಳು ಕೇಳಿದರು. ‘ಹೌದ್ರಿ’ ಎಂದೆ. ಅಣ್ಣ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ದಾರಿಯಲ್ಲಿ ಅಣ್ಣ ಕಬ್ಬಿನ ಹಾಲು ಕುಡಿಸಿದ. ಮನೆಗೆ ಬಂದಾಗ ಅವ್ವ ನನ್ನ ಮುಖ ನೋಡಲಿಲ್ಲ. ಒಲೆಯ ಕಡೆಗೆ ತಿರುಗಿಕೊಂಡು ರೊಟ್ಟಿ ತಟ್ಟುತ್ತಲೇ ಇದ್ದಳು. ಆಗ ಅದರ ಅರ್ಥ ನನಗೆ ಆಗಲಿಲ್ಲ.

ಅಣ್ಣ ಕೆಟ್ಟವನೇ ಎಂದು ಕೇಳುತ್ತೀರಿ. ಅಲ್ಲ. ನನ್ನ ಮದುವೆಗೆ ಸಾಲ ಮಾಡಿ ದುಡಿದವನು. ‘ಮದುವಿಗಿ ಬಂಗಾರ ಹಾಕೇವಿ, ಪಾತ್ರಿ ಪಗಡ ಕೊಟ್ಟೇವಿ, ಅಲ್ಲಿಗಿ ಆಕಿ ಪಾಲು ಮುಗೀತು’ ಎಂದು ಊರೇ ನಂಬಿತ್ತು. ನಾನೂ ನಂಬಿದ್ದೆ. ನಿಜ ಹೇಳಬೇಕೆಂದರೆ ನಂಬಿಕೆಗಿಂತ ಹೆದರಿಕೆಯೇ ಹೆಚ್ಚು. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರು ಬರುತ್ತಾರೆ? ಬಾಣಂತನ ಯಾರು ಮಾಡುತ್ತಾರೆ? ಗಂಡನ ಮನೆಯಲ್ಲಿ ಒಂದು ಮಾತು ಬಂದರೆ ಬೆನ್ನಿಗೆ ಯಾರು ನಿಲ್ಲುತ್ತಾರೆ? ಹೊಲ ಹೋದರೂ ತವರು ಇರಲಿ ಎಂದೇ ಸಹಿ ಹಾಕಿದ್ದು.

2014ರಲ್ಲಿ ಅವ್ವ ಹೋದಳು. ಆ ವರ್ಷದ ಪಂಚಮಿಗೆ ಅಣ್ಣ ಬಂದ. ಮರುವರ್ಷ ಫೋನ್ ಮಾಡಿದ. ಅದರ ಮರುವರ್ಷ ಅದೂ ಇಲ್ಲ. ನಾನು ಹೊಲ ಕೊಟ್ಟು ಉಳಿಸಿಕೊಂಡೆ ಎಂದುಕೊಂಡಿದ್ದ ತವರು ಅವ್ವನ ಜೊತೆಗೇ ಹೋಗಿತ್ತು, ಸೋದರಿ. ನಮ್ಮ ಯಜಮಾನರ ಕಿರಾಣಿ ಅಂಗಡಿ ನಷ್ಟಕ್ಕೆ ಬಿದ್ದಾಗ ಕೈಸಾಲಕ್ಕೆ ಅಣ್ಣನ ಮನೆಗೆ ಹೋದೆ. ಐದು ಸಾವಿರ ಕೊಟ್ಟ, ಚಹಾ ಕುಡಿಸಿದ. ಹೆದ್ದಾರಿ ಕಡೆಯ ಎರಡು ಎಕರೆ ಮಾರಿ ಮಹಡಿ ಮನೆ ಕಟ್ಟಿಸುತ್ತಿದ್ದಾನೆ ಎಂಬುದು ಅಲ್ಲಿ ಹೋದಾಗಲೇ ನನಗೆ ಗೊತ್ತಾದದ್ದು.

ಮುಂದೆ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಒಮ್ಮೆ ವಕೀಲೆಯೊಬ್ಬರು ಬಂದು ಕಾನೂನು ತಿಳಿಸಿಕೊಟ್ಟರು. ಅವತ್ತು ಮನೆಗೆ ಬಂದು ಲೆಕ್ಕ ಹಾಕಿದೆ. ಆ ಆರು ಎಕರೆಯಲ್ಲಿ ನನ್ನ ಪಾಲು ಎರಡೂವರೆ ಎಕರೆಗೂ ಮೇಲೆ ಆಗುತ್ತಿತ್ತು. ಒಂದು ಇಳಕಲ್ ಸೀರೆ, ಒಂದು ಲೋಟ ಕಬ್ಬಿನ ಹಾಲು.

ವಕೀಲೆ ಹೇಳಿದ ಒಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ತಂದೆಯ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು ಬರುತ್ತದೆ ಎಂಬ ನಿಯಮ ಮಿತಾಕ್ಷರ ಎಂಬ ಗ್ರಂಥದ್ದು. ಬಂಗಾಳ, ಅಸ್ಸಾಂ ಕಡೆ ಬಿಟ್ಟರೆ ಹಿಂದೂ ಮನೆತನಗಳ ಆಸ್ತಿ ಹೆಚ್ಚಾಗಿ ಅದರಂತೆಯೇ ಹಂಚಿಕೆಯಾಗುತ್ತ ಬಂದಿತು. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಎಲ್ಲಿ ಗೊತ್ತೇ? ನಮ್ಮ ಕಲ್ಯಾಣದಲ್ಲಿ! 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ನಾನು ಜೋಕಾಲಿ ಆಡಿದ ಊರಿನಲ್ಲೇ ಒಂಬೈನೂರು ವರ್ಷಗಳ ಹಿಂದೆ ಬರೆದ ಮಾತು ನನ್ನ ಹೊಲವನ್ನು ಅಣ್ಣನ ಕೈಗೆ ಕೊಟ್ಟಿತ್ತು. ಆ ಪಂಡಿತರಿಗೂ ನ್ಯಾಯ ಸಲ್ಲಬೇಕು. ಹೆಣ್ಣಿಗೆ ಯಾವ ದಾರಿಯಿಂದ ಬಂದ ಸ್ವತ್ತಾದರೂ ಅದು ಸ್ತ್ರೀಧನವೇ ಎಂದು ಅವರು ವಿಶಾಲವಾಗಿ ಹೇಳಿದ್ದರಂತೆ. ಅದನ್ನು ಕಿರಿದು ಮಾಡಿದ್ದು ಬ್ರಿಟಿಷರ ಕಾಲದ ನ್ಯಾಯಾಲಯಗಳು. ಆದರೆ ಹುಟ್ಟಿನ ಹಕ್ಕು ಮಾತ್ರ ಮಗನಿಗೇ ಉಳಿಯಿತು.

ಅದೇ ಕಲ್ಯಾಣದಲ್ಲಿ, ಅದೇ ಹನ್ನೆರಡನೆಯ ಶತಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದರು. ಬಸವಣ್ಣನವರ ಅಕ್ಕ ನಾಗಮ್ಮನವರ ಗವಿ ಇಂದಿಗೂ ನಮ್ಮೂರಿನಲ್ಲಿದೆ. ಬೀದಿಯಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದಾಗ, ‘ಇಷ್ಟು ನಮಗೇಕೆ? ತಿರುಗಿ ಸುರಿದು ಬಾ’ ಎಂದು ಗಂಡನನ್ನೇ ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೂ ಗೊತ್ತಲ್ಲ. ನಾವು ಅವಳ ಪಟಕ್ಕೆ ಕೈಮುಗಿಯುತ್ತೇವೆ. ಮನೆಗೆ ಬಂದದ್ದರಲ್ಲಿ ಯಾವುದು ನಮ್ಮದು, ಯಾವುದು ನಮ್ಮದಲ್ಲ ಎಂದು ಅವಳ ಹಾಗೆ ಕೇಳುವುದಿಲ್ಲ, ಅಷ್ಟೇ.

ಕಾನೂನು ಸುಮ್ಮನೆ ಕುಳಿತಿರಲಿಲ್ಲ. ಹೆಣ್ಣುಮಕ್ಕಳಿಗೆ ಪಾಲು ಕೊಡುವ ಹಿಂದೂ ಕೋಡ್ ಮಸೂದೆಗಾಗಿ ಡಾಕ್ಟರ್ ಅಂಬೇಡ್ಕರ್ ಹೋರಾಡಿದರು. ಅದು ಮುಂದೆ ಸಾಗದಿದ್ದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಏನೋ ಸ್ವಲ್ಪ ಕೊಟ್ಟಿತು. 1994ರಲ್ಲಿ ಕರ್ನಾಟಕ ಸರಕಾರದ ತಿದ್ದುಪಡಿ ಮಗಳನ್ನೂ ಮಗನ ಸಮಕ್ಕೆ ತಂದಿತು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಾನು ಎರಡು ವರ್ಷದಲ್ಲಿ ತಪ್ಪಿಸಿಕೊಂಡೆ ನೋಡಿ! ಕೊನೆಗೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅನ್ವಯವಾಗುವಂತೆ ಮದುವೆಯಾದವಳೂ ಆಗದವಳೂ ಎಂಬ ಭೇದವಿಲ್ಲದೆ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಬಂತು. ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂದರೆ 2008ರಲ್ಲಿ ನಾನು ಸಹಿ ಹಾಕುವಾಗ ಹಕ್ಕು ನನ್ನ ಕೈಯಲ್ಲೇ ಇತ್ತು. ಇದ್ದದ್ದು ನನಗೆ ಗೊತ್ತಿರಲಿಲ್ಲ.

ಇನ್ನು ಎರಡನೆಯ ಕಾಗದದ ಮಾತು.

ನನಗೊಬ್ಬಳೇ ನಾದಿನಿ, ಯಜಮಾನರಿಗೆ ತಂಗಿ. ಚಿಟಗುಪ್ಪದ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಗಂಡನಿಗೆ ಕುಡಿತ. ಒಮ್ಮೊಮ್ಮೆ ಅವಳು ಕೆನ್ನೆ ಊದಿಸಿಕೊಂಡು ಬರುತ್ತಿದ್ದಳು. ‘ಬಚ್ಚಲದಾಗ ಜಾರಿ ಬಿದ್ದೆ ವೈನಿ’ ಎನ್ನುತ್ತಿದ್ದಳು. ಜಾರಿ ಬಿದ್ದದ್ದಲ್ಲವೆಂದು ನಮಗೆಲ್ಲ ಗೊತ್ತು. ಎರಡು ದಿನ ಇಟ್ಟುಕೊಂಡು, ಬಿಸಿ ರೊಟ್ಟಿ ಉಣಿಸಿ, ಉಡಿ ತುಂಬಿ ಮತ್ತೆ ಅಲ್ಲಿಗೇ ಕಳಿಸುತ್ತಿದ್ದೆವು. ಉಡಿ ತುಂಬಿದ ಕೈ ನನ್ನದೇ. ಹೋಗಲು ಇನ್ನೊಂದು ಜಾಗವಿಲ್ಲದವಳನ್ನು ಅದೇ ಜಾಗಕ್ಕೆ ಅಟ್ಟುವುದಕ್ಕೆ ನಾವು ‘ಸಂಸಾರ ಉಳಿಸುವುದು’ ಎನ್ನುತ್ತೇವೆ.

2023ರ ಆರಂಭದಲ್ಲಿ ಮಾವ ತೀರಿಕೊಂಡರು. ಅತ್ತೆ ಮೊದಲೇ ಹೋಗಿದ್ದರು. ಪಿತ್ರಾರ್ಜಿತ ಹೊಲ ಎಂಟು ಎಕರೆ. ಆ ವರ್ಷ ಜೂನ್ 11ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಗಿತ್ತು. ಹಾಗಾಗಿ ನಾದಿನಿ ಗಂಡನ ಹತ್ತಿರ ಟಿಕೆಟಿನ ದುಡ್ಡು ಬೇಡದೆ, ಸೊನ್ನೆ ರೂಪಾಯಿ ಟಿಕೆಟು ಹಿಡಿದು ತಾನೇ ಪಂಚಮಿಗೆ ಬಂದಿಳಿದಳು. ಹಿಂದಿನ ದಿನವೇ ಯಜಮಾನರು ಕಾಗದ ತಂದು ಕಪಾಟಿನಲ್ಲಿ ಇಟ್ಟಿದ್ದರು. ‘ನಾ ಹೇಳಿದರ ಛಂದ ಕಾಣಂಗಿಲ್ಲ. ನೀ ಹೇಳು. ನಿನ್ನ ಮಾತು ಆಕಿ ಮೀರಂಗಿಲ್ಲ’ ಎಂದರು. ಮೂಲೆಯಲ್ಲಿ ಒಂದು ಹೊಸ ಸೀರೆಯ ಪೊಟ್ಟಣವೂ ಇತ್ತು.

ಇಲ್ಲಿ ನಿಮ್ಮೆದುರು ಒಂದು ತಪ್ಪೊಪ್ಪಿಗೆ ಮಾಡಲೇಬೇಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರದೆ ಇದ್ದದ್ದು ನಾದಿನಿಯ ಚಿಂತೆಯಿಂದ ಮಾತ್ರ ಅಲ್ಲ. ಮಗನ ಕಾಲೇಜಿನ ಫೀಸು, ಅಂಗಡಿಯ ಸಾಲ, ಮಗಳ ಮದುವೆ, ಎಲ್ಲ ಕಣ್ಣ ಮುಂದೆ ಬಂದವು. ಎಂಟು ಎಕರೆಯೂ ನಮ್ಮದಾದರೆ ಎಷ್ಟು ಹಗುರ! ‘ನನಗೆ ಯಾರು ಕೊಟ್ಟರು? ನಾನೇಕೆ ಕೊಡಿಸಬೇಕು?’ ಎಂದೂ ಅನಿಸಿತು. ತವರಿನಲ್ಲಿ ಕಳೆದುಕೊಂಡದ್ದನ್ನು ಗಂಡನ ಮನೆಯಲ್ಲಿ ನಾದಿನಿಯ ಪಾಲಿನಿಂದ ತುಂಬಿಕೊಳ್ಳುವುದು. ನಮ್ಮ ಅತ್ತಿಗೆಯೂ ಹಾಗೆಯೇ ತುಂಬಿಕೊಂಡಿರಬೇಕು. ಅವಳ ಅಣ್ಣಂದಿರೂ ಅವಳಿಗೆ ಏನೂ ಕೊಟ್ಟಿರಲಿಲ್ಲ. ಈ ಸರಪಳಿಯಲ್ಲಿ ಗಂಡಸರು ಮಾತ್ರ ಇದ್ದಾರೆಂದು ಯಾರು ಹೇಳಿದರು?

ಮರುದಿನ ನಾದಿನಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅವ್ವ ಅವತ್ತು ಮುಖ ತಿರುಗಿಸಿಕೊಂಡು ಕುಳಿತದ್ದು ನೆನಪಿಗೆ ಬಂತು. ಎದ್ದು ಹೋಗಿ ಕಾಗದ ತಂದೆ. ‘ನೀ ರೊಟ್ಟಿ ಬಡಿ, ನಾ ಓದ್ತೀನಿ’ ಎಂದು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ‘ನನ್ನ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ...’ ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

‘ಸ್ವಸಂತೋಷ ಅಂದ್ರ ಏನ್ರಿ ವೈನಿ?’

‘ನಿನ್ನ ಮನಸ್ಸಿಗಿ ಬಂದು ನೀನೇ ಕೊಡೋದು.’

‘ನನ್ನ ಯಾರೂ ಕೇಳೇ ಇಲ್ಲಲ್ರಿ.’

ಕೇಳಿಲ್ಲವೆಂದಾಗ ನಾನೇ ಲೆಕ್ಕ ಹೇಳಿದೆ. ನೀವೂ ಕೇಳಿಟ್ಟುಕೊಳ್ಳಿರಿ. ತಂದೆ, ಒಬ್ಬ ಮಗ, ಒಬ್ಬ ಮಗಳು, ಎಂಟು ಎಕರೆ ಪಿತ್ರಾರ್ಜಿತ. 1956ರ ಕಾಯ್ದೆಯಂತೆ ಮೊದಲು ತಂದೆಗೆ ನಾಲ್ಕು, ಮಗನಿಗೆ ನಾಲ್ಕು. ತಂದೆ ಹೋದ ಮೇಲೆ ಅವರ ನಾಲ್ಕನ್ನು ಇಬ್ಬರೂ ಹಂಚಿಕೊಂಡು ಮಗನಿಗೆ ಆರು, ಮಗಳಿಗೆ ಎರಡು. ಇಂದಿನ ಕಾನೂನಿನಂತೆ ನಾಲ್ಕು, ನಾಲ್ಕು. ಮದುವೆಯಲ್ಲಿ ಕೊಟ್ಟ ಬಂಗಾರದಿಂದ ಈ ಪಾಲು ತೀರುವುದಿಲ್ಲ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನಾನು ಹದಿನೈದು ವರ್ಷದ ಹಿಂದೆ ಆಡದೆ ನುಂಗಿಕೊಂಡ ಮಾತನ್ನೇ ಆಡಿದಳು. ‘ನನಗ ಹೊಲ ಬ್ಯಾಡ್ರಿ ವೈನಿ. ತವರಮನಿ ಒಂದು ಇದ್ದರ ಸಾಕು.’

‘ತವರಮನಿಗಿ ನಾ ಜವಾಬ್ದಾರಿ’ ಎಂದೆ. ‘ನೀ ಪಾಲು ಬಿಟ್ಟರೂ ಪಂಚಮಿಗಿ ಬಾ, ತಗೊಂಡರೂ ಬಾ. ಆದ್ರ ಇವತ್ತು ಸಹಿ ಮಾಡಬ್ಯಾಡ. ಮನಿಗಿ ಹೋಗಿ ವಿಚಾರ ಮಾಡು.’

ಆ ರಾತ್ರಿ ಯಜಮಾನರು ಏನು ಅಂದಿರಬಹುದು, ನೀವೇ ಊಹಿಸಿರಿ. ‘ಸ್ವಂತ ಮನೀಗೇ ಕೊಳ್ಳಿ ಇಟ್ಟಿ’ ಎಂದರು. ನಾಲ್ಕು ದಿನ ನನ್ನೊಡನೆ ಮಾತಿಲ್ಲ. ತಾಟಿನ ಮುಂದೆ ಕುಳಿತು ಉಂಡು ಎದ್ದು ಹೋಗುತ್ತಿದ್ದರು. ನಾನೂ ಸೋಲಲಿಲ್ಲ. ಐದನೆಯ ದಿನ, ‘ನಮ್ಮ ಮಗಳಿಗಿ ನಾಳಿ ಅವಳ ಅಣ್ಣ ಹಿಂಗ ಕಾಗದ ತಂದರ ನೀವು ಏನ್ ಹೇಳ್ತೀರಿ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಆದರೆ ಆ ಸಂಜೆ ಅಂಗಡಿಯಿಂದ ಬರುವಾಗ ಮಗಳಿಗೆಂದು ಬಾಳೆಹಣ್ಣು ತಂದರು. ನನಗೂ ಎರಡು ಕೊಟ್ಟರು.

ಒಂದು ತಿಂಗಳ ನಂತರ ನಾದಿನಿ ಬಂದಳು. ವಿಚಾರ ಮಾಡಿಯೇ ಬಂದಿದ್ದಳು. ‘ಎರಡು ಎಕರೆ ಅಣ್ಣಗ ಬಿಡ್ತೀನಿ. ಅಪ್ಪನ ದವಾಖಾನಿ ಖರ್ಚು ಅವನೇ ನೋಡ್ಯಾನ. ಎರಡು ಎಕರೆ ನನ್ನ ಹೆಸರಿಗಿ ಬರಲಿ. ಬಿತ್ತೋದು ಬೆಳೆಯೋದು ಅಣ್ಣನೇ ಮಾಡಲಿ, ನನ್ನ ಪಾಲಿನ ತೊಗರಿ ಜೋಳ ನನಗ ಕೊಡಲಿ’ ಎಂದಳು. ಈ ಸಲದ ಕಾಗದವನ್ನು ಅವಳ ಮುಂದೆ ಎರಡು ಸಲ ಓದಿಸಿದೆವು. ಆ ಬಿಟ್ಟ ಎರಡು ಎಕರೆಗೆ ಹಾಕಿದ ಸಹಿ ಇದೆಯಲ್ಲ, ಸೋದರಿ, ಅದು ನಿಜವಾದ ಸ್ವಸಂತೋಷದ ಸಹಿ.

ಎರಡು ಎಕರೆಯಿಂದ ಅವಳ ಬಾಳು ಬಂಗಾರವಾಯಿತೇ? ಇಲ್ಲ. ಗಂಡನ ಕುಡಿತ ಬಿಟ್ಟಿಲ್ಲ. ಆದರೆ ಅವನು ಮೊದಲಿನಂತೆ ಕೈ ಎತ್ತುವುದಿಲ್ಲವಂತೆ. ‘ಮಾತಿಗಿ ಮಾತು ಬಂದರ, ನಾ ನನ್ನ ಹೊಲಕ್ಕ ಹೋಗಿ ಕುಂದರ್ತೀನಿ ಅಂತೀನ್ರಿ’ ಎಂದಳು. ಇದು ಅವಳೊಬ್ಬಳ ಅನುಭವವಲ್ಲ. ಬೀನಾ ಅಗರವಾಲ್ ಎಂಬ ಅರ್ಥಶಾಸ್ತ್ರಜ್ಞೆ ಪ್ರದೀಪ್ ಪಂಡಾ ಅವರ ಜೊತೆ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹೊಲವೂ ಮನೆಯೂ ತಮ್ಮ ಹೆಸರಿನಲ್ಲಿ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಪೆಟ್ಟು ತಿಂದಿದ್ದರು. ಎರಡೂ ಇದ್ದವರಲ್ಲಿ ನೂರಕ್ಕೆ 7. ಓದು, ನೌಕರಿ ಎಲ್ಲ ಬೇಕೇ ಬೇಕು. ಆದರೆ ಕಾಲಡಿಯಲ್ಲಿ ತನ್ನದೆಂಬ ನೆಲವೂ ಬೇಕು.

ಹೊಲದಲ್ಲಿ ಕಳೆ ತೆಗೆಯುವವರು ನಾವು, ಬಿತ್ತುವವರು ನಾವು, ರಾಶಿ ತೂರುವವರು ನಾವು. ಆದರೆ 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲ ಸುಲಭವಾಗಿ ಸಿಗದು, ಬೆಳೆ ಹಾಳಾದರೆ ಪರಿಹಾರ ಅವಳ ಖಾತೆಗೆ ಬಾರದು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ದೊಡ್ಡ ಆಸರೆಯೇ, ಇಲ್ಲವೆನ್ನುವುದಿಲ್ಲ. ಆದರೆ ಅದು ಸರಕಾರ ಕೊಡುವುದು. ಹೊಲದ ಪಾಲು ನಮ್ಮದೇ ಆದದ್ದು.

ಇದು ನಮ್ಮ ಬೀದರ್ ಜಿಲ್ಲೆಯ ಹೆಂಗಸರ ಪಾಡು ಮಾತ್ರವೆಂದು ತಿಳಿಯಬೇಡಿರಿ. ನಮ್ಮ ಪಕ್ಕದ ಮನೆಯ ಆಪಾ ಇದ್ದಾರೆ. ಅವರ ಧರ್ಮದಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ ಎಂದು ಮೊದಲಿನಿಂದಲೂ ಇದೆ. ಅವರೂ ಭಾಯಿಗಳಿಗೆ ಬಿಟ್ಟುಕೊಟ್ಟು ಬಂದವರೇ. ಬಾಂಗ್ಲಾದೇಶದಲ್ಲಿಯೂ ಅಕ್ಕತಂಗಿಯರು ತವರಿಗೆ ಹೋಗಿ ಬರುವ ದಾರಿ ಮುಚ್ಚದಿರಲೆಂದು ಪಾಲು ಬಿಡುತ್ತಾರೆ ಎಂದು ಓದಿದ್ದೇನೆ. ಆಫ್ರಿಕಾದ ರುವಾಂಡಾದಲ್ಲಿ 1994ರ ನರಮೇಧದ ನಂತರ ವಿಧವೆಯರೂ ತಬ್ಬಲಿ ಹೆಣ್ಣುಮಕ್ಕಳೂ ನೆಲವಿಲ್ಲದೆ ನಿಂತರು. 1999ರಲ್ಲಿ ಅಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕಾನೂನಾಯಿತು. ಬಡ ದೇಶಗಳಲ್ಲೆಲ್ಲ ಹೆಣ್ಣಿನ ಕಷ್ಟದ ಬೇರು ಒಂದೇ ಕಡೆ ಇದೆ. ದುಡಿಮೆ ಅವಳದು, ಕಾಗದದ ಮೇಲೆ ಹೆಸರು ಇನ್ನೊಬ್ಬರದು.

ಹಾಗಾದರೆ ಎಲ್ಲರೂ ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋಗಿರೆಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ನಾನೂ ಹೋಗಿಲ್ಲ. ಅಣ್ಣನ ಮೇಲೆ ಸಿಟ್ಟು ಇಳಿದಿದೆ. ಬಿಡುವುದಾದರೆ ಬಿಡಿರಿ, ಪ್ರೀತಿಯಿಂದ ಬಿಡಿರಿ. ಆದರೆ ಎಷ್ಟು ಬಿಡುತ್ತಿದ್ದೇನೆಂದು ತಿಳಿದು ಬಿಡಿರಿ. ಕಾಗದ ಮುಂದೆ ಬಂದಾಗ ‘ಮನೆಗೆ ಒಯ್ದು ಓದಿ ಕೊಡುತ್ತೇನೆ’ ಎನ್ನಿರಿ. ಹೀಗೆನ್ನುವುದರಿಂದ ಯಾರ ತವರೂ ಮುರಿದು ಬೀಳುವುದಿಲ್ಲ. ಬಿದ್ದರೆ ಅದು ಮೊದಲೇ ಬಿರುಕು ಬಿಟ್ಟಿತ್ತೆಂದು ತಿಳಿಯಿರಿ. ಪಹಣಿ ತೆಗೆಸಿ ನೋಡಿರಿ. ತಂದೆ ಸ್ವಂತ ದುಡಿದು ಗಳಿಸಿ ಮರಣಪತ್ರ ಬರೆದಿಟ್ಟಿದ್ದರೆ, ಅಥವಾ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾನೂನಿನಂತೆ ಹಿಸ್ಸೆಯಾಗಿದ್ದರೆ ಲೆಕ್ಕ ಬೇರೆ. ಆದ್ದರಿಂದ ತಿಳಿದವರನ್ನು ಕೇಳಿರಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಅಂಜಬೇಡಿರಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಅಲ್ಲಿ ನೆರವು ಉಚಿತ. ಫೋನಿನಲ್ಲಿ ಕೇಳುವುದಾದರೆ 15100. ಮನೆಯಲ್ಲಿ ಪೆಟ್ಟು ತಿನ್ನುತ್ತಿರುವ ಸೋದರಿ ಇದನ್ನು ಓದುತ್ತಿದ್ದರೆ 181 ಎಂಬ ಸಂಖ್ಯೆ ನೆನಪಿಡಲಿ.

ಮತ್ತೆ ಇನ್ನೊಂದು ಮಾತು, ಇದೇ ಮುಖ್ಯ. ನಾಳೆ ನಿಮ್ಮ ನಾದಿನಿಯ ಮುಂದೆ ಇಡಲು ಒಂದು ಕಾಗದವೂ ಒಂದು ಸೀರೆಯೂ ನಿಮ್ಮ ಮನೆಗೆ ಬರಬಹುದು. ಆಗ ನಿಮ್ಮ ತವರಿನ ಸಹಿಯನ್ನು ನೆನಪಿಗೆ ತಂದುಕೊಳ್ಳಿರಿ. ನಮಗೆ ಓದಿ ಹೇಳುವವರು ಯಾರೂ ಇರಲಿಲ್ಲ. ಅವಳಿಗೆ ನಾವಿದ್ದೇವೆ.

ಈ ಪಂಚಮಿಗೂ ನಾದಿನಿ ಬರುತ್ತಾಳೆ. ಶೇಂಗಾ ಹುರಿದಿಟ್ಟಿದ್ದೇನೆ, ಬೆಲ್ಲ ಕುಟ್ಟಬೇಕು. ನಿಮ್ಮ ಬೇಳೆಯೂ ಬೆಂದಿರಬೇಕು, ನೋಡಿಕೊಳ್ಳಿ.